ಕತ್ತರಿ ಅಕ್ಕ ಕೇಳಿದ ಪ್ರಶ್ನೆಗಳು

ಕತ್ತರಿ ಅಕ್ಕನ ಮನೆಯ ಹಿಂದೆ ತಗಡಿನ ಕಾರ್ಖಾನೆಯಿತ್ತು. ಬೆಳಿಗ್ಗೆ ಆರಕ್ಕೆಲ್ಲ ಸುತ್ತಿಗೆ ಠಣ್ ಠಣ್ ಎನ್ನತೊಡಗಿದರೆ ಅವಳ ಅಡುಗೆಮನೆಯ ಲೋಟಗಳೂ ನಡುಗುತ್ತಿದ್ದವು. ಕತ್ತರಿ ಎಂಬ ಹೆಸರು ಅವಳಿಗೆ ಬಂದದ್ದು ಹೊಲಿಗೆ ಅಂಗಡಿಯಿಂದಲೋ ನಾಲಿಗೆಯಿಂದಲೋ, ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಹದಿನಾರು, ತಂಗಿಗೆ ಒಂಬತ್ತು. ಕಾಲು ಸರಿಯಾಗಿ ಎಟುಕುವ ಮೊದಲೇ ತಂಗಿಯನ್ನು ಸ್ಟೂಲಿನ ತುದಿಗೆ ಕೂರಿಸಿ ಮಷೀನಿನ ಪೆಡಲ್ ತುಳಿಯಲು ಕಲಿಸಿದ್ದಳು. ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ಕೂತು ಹೊಲಿದರು.

ಆ ತಂಗಿ ಮೆಟ್ಟಿಲಿನಿಂದ ಜಾರಿ, ತಲೆಗೆ ಪೆಟ್ಟಾಗಿ, ನಾಲ್ಕು ತಿಂಗಳಿಂದ ಆಸ್ಪತ್ರೆಯಲ್ಲಿದ್ದಳು. ಕಣ್ಣು ತೆರೆಯುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಪರದೆಯ ಹಿಂದೆ ಬಟ್ಟೆ ಹಿಂಡುತ್ತಿದ್ದಾಗ ತಂಗಿಯ ಗಂಡ ಮಂಚದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದ: “ಇಲ್ಲೇ ಬಾರೋ, ಆರಾಮಾಗಿ ಮಾತಾಡೋಣ. ಇವಳಿಗೇನು ಕೇಳ್ಸುತ್ತೆ? ಕೊರಡು. ದೂರದ ಆರೈಕೆ ಮನೆಗೆ ಸಾಗಿಸಿಬಿಟ್ರೆ ನನ್ ದಾರಿ ನಂಗೆ. ಮೊದಲೂ ಹೀಗೇ ಇದ್ಲು ಕಣೋ, ಉಸಿರಾಡೋ ಬೊಂಬೆ.” ನಕ್ಕ. ನೀರೆಲ್ಲ ಇಳಿದ ಮೇಲೂ ಅಕ್ಕ ಬಟ್ಟೆ ಹಿಂಡುತ್ತಲೇ ಇದ್ದಳು. ಜಗಳ ಆಡಲಿಲ್ಲ. ಒಂದಕ್ಷರ ಬಿಡದೆ ಎದೆಯಲ್ಲಿಟ್ಟುಕೊಂಡಳು.

ಸಾಗಿಸುವ ಮುನ್ನ ಡಾಕ್ಟರಮ್ಮ ಒಂದು ಪರೀಕ್ಷೆ ಮಾಡಿಸಿದರು. ಮೈ ಅಲುಗದಿದ್ದರೂ ಕೆಲವರಿಗೆ ಒಳಗೆ ಎಚ್ಚರವಿರುತ್ತದೆ. ಕೈಕಾಲು ಆಡಿಸುವುದನ್ನು ಮನಸ್ಸಿನಲ್ಲೇ ನೆನೆದರೂ ತಲೆಗೆ ಹಾಕಿದ ವೈರಿನ ಟೋಪಿ ಅದನ್ನು ಹಿಡಿದು ಕಂಪ್ಯೂಟರ್ ಪರದೆಯ ಗೆರೆಗಳಲ್ಲಿ ತೋರಿಸುತ್ತದೆ ಎಂದರು. ಟೋಪಿ ಹಾಕುವ ಹುಡುಗಿ ಎರಡು ದಿನ ಕಿವಿಯ ಬಳಿ ಬಾಗಿ, “ಟೆನಿಸ್ ಆಡ್ತಿದ್ದೀರಿ ಅಂದ್ಕೊಳ್ಳಿ, ಬ್ಯಾಟ್ ಬೀಸಿ,” ಎಂದಳು. ಗೆರೆಗಳು ಬದಲಾಗಲಿಲ್ಲ. ಮೂರನೆಯ ದಿನವೇ ಪರೀಕ್ಷೆಯ ಕೊನೆಯ ದಿನ. ಗಂಡ ಸಾಗಿಸುವ ಕಾಗದಕ್ಕೆ ಸಹಿ ಹಾಕಲು ಪೆನ್ನು ಹಿಡಿದೇ ನಿಂತಿದ್ದ.

“ಅಲ್ಲಮ್ಮಾ, ಅವಳು ಜನ್ಮದಲ್ಲಿ ಬ್ಯಾಟ್ ಮುಟ್ಟಿದವಳಲ್ಲ,” ಎಂದಳು ಅಕ್ಕ. “ಮಷೀನ್ ತುಳಿಯೋಕೆ ಹೇಳಿ.”

“ಇದೇನು ಹೊಲಿಗೆ ಕ್ಲಾಸಾ ಅತ್ತಿಗೆ?” ಎಂದ ಅವನು.

“ಹೌದು. ಕೂತ್ಕೊಳ್ಳಿ, ನಿಮಗೂ ಪಾಠ ಇದೆ.”

ಅಕ್ಕನೇ ಬಾಗಿದಳು. “ಪುಟ್ಟೀ, ಕಿಟಕಿ ಪರದೆ, ಉದ್ದನೆ ಹೊಲಿಗೆ. ತುಳಿ… ನಿಲ್ಲಿಸು… ತುಳಿ.”

ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು. “ಮೇಡಂ, ಬರ್ತಾ ಇದೆ!”

ಹತ್ತು ಸಲ ಮಾಡಿಸಿದರು. ತುಳಿ ಎಂದಾಗ ಗೆರೆ ಬದಲಾಗುತ್ತಿತ್ತು, ನಿಲ್ಲಿಸು ಎಂದಾಗ ಮೊದಲಿನಂತಾಗುತ್ತಿತ್ತು. ಬಟ್ಟೆ ಕತ್ತರಿಸು ಎಂದರೆ ಇನ್ನೊಂದು ಗೆರೆ. ಹೌದು ಅನ್ನಬೇಕಾದರೆ ಪೆಡಲ್, ಇಲ್ಲ ಅನ್ನಬೇಕಾದರೆ ಕತ್ತರಿ ಎಂದು ಗೊತ್ತು ಮಾಡಿದರು. ನಿಮಗೆ ಅಕ್ಕ ಇದ್ದಾಳಾ? ಪೆಡಲ್. ಅಣ್ಣ ಇದ್ದಾನಾ? ಕತ್ತರಿ. ಡಾಕ್ಟರಮ್ಮ ಸಾಗಿಸುವ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಹರಿದುಹಾಕಿದರು.

“ನಾನೊಂದು ಕೇಳ್ಲಾ?” ಎಂದಳು ಅಕ್ಕ. “ಪುಟ್ಟೀ, ನಿನ್ನ ಮಂಚದ ಹತ್ತಿರ ಆಡಿದ ಮಾತು ಕೇಳಿಸ್ತಿತ್ತಾ?”

ಪೆಡಲ್.

ಗಂಡನ ಮುಖ ಬಿಳಿಚಿತು. ಅಕ್ಕನಿಗೆ ಇನ್ನೂ ಬೇಕಿತ್ತು. “ಇವರು ಇನ್ಮೇಲೆ ಇಲ್ಲಿ ಕಾಲಿಡದ ಹಾಗೆ ಮಾಡ್ಲಾ?”

ಕತ್ತರಿ. ಮತ್ತೆ ಕೇಳಿದರೂ ಕತ್ತರಿ.

ಅವನು ನಿಟ್ಟುಸಿರುಬಿಟ್ಟ. “ನೋಡಿದ್ರಾ? ಎಷ್ಟಾದ್ರೂ ಹೆಂಡ್ತಿ.”

ಅಕ್ಕನ ಮೈ ಉರಿಯಿತು. ತಂಗಿಯ ಮುಖವನ್ನೇ ದಿಟ್ಟಿಸಿದಳು. ಹೊಲಿಗೆ ಸರಿಯಿಲ್ಲವೆಂದು ಸುಳ್ಳೇ ಕೂಗಾಡಿದ ಗಿರಾಕಿಗಳಿಗೆ ಈ ತಂಗಿ ತಿರುಗಿ ಒಂದು ಮಾತೂ ಆಡಿದವಳಲ್ಲ. ಎದುರಿಗೆ ಕೂರಿಸಿಕೊಂಡು, ಆ ಹೊಲಿಗೆಯ ಒಂದೊಂದೇ ಎಳೆ ಬಿಚ್ಚುತ್ತ, ನೋಡಿ ನೋಡಿ ಅವರೇ ತಲೆ ತಗ್ಗಿಸುವ ತನಕ ಬಿಡುತ್ತಿರಲಿಲ್ಲ.

“ದಿನಾ ಬಂದು ನಿನ್ನ ಎದುರಿಗೆ ಕೂತ್ಕೋಬೇಕಾ ಇವರು?” ಅಕ್ಕ ಮೆಲ್ಲಗೆ ಕೇಳಿದಳು.

ಪೆಡಲ್. ಹುಡುಗಿ ನಿಲ್ಲಿಸಿ ಎಂದರೂ ನಿಲ್ಲಲಿಲ್ಲ.

“ಕೂತು… ನಾನೇನು ಮಾತಾಡ್ಲಿ ಅತ್ತಿಗೆ?” ಅವನ ದನಿ ಇಳಿದಿತ್ತು.

“ಇಷ್ಟು ದಿನ ನನ್ನ ಕೇಳಿ ಮಾತಾಡಿದ್ರಾ?” ಅಕ್ಕ ಚೀಲ ಹೆಗಲಿಗೇರಿಸಿದಳು. “ಫೋನಲ್ಲಿ ಹೇಳಿದ್ರಲ್ಲ, ಅದನ್ನೇ ಹೇಳಿ, ಅವಳ ಕಣ್ಣು ನೋಡ್ಕೊಂಡು. ನಾಳೆ ನಾಲ್ಕಕ್ಕೆ ಸರಿಯಾಗಿ ಇಲ್ಲಿರ್ಬೇಕು. ಬರ್ಲಿಲ್ಲ ಅಂದ್ರೆ ನಿಮ್ಮ ಆಫೀಸಿಗೆ ನಾನೇ ಬಂದು, ಎಲ್ಲರೆದುರಿಗೆ, ಒಂದೊಂದೇ ಮಾತನ್ನ…” ಎನ್ನುತ್ತಲೇ ಅವಳು ಬಾಗಿಲು ದಾಟಿ ನಡೆದುಬಿಟ್ಟಳು.