ಕಂಬದತ್ತೆ

ಸೊಟ್ಟಗಿರುವುದು ಯಾವುದೂ ನಮ್ಮತ್ತೆಯ ಕಣ್ಣಿಗೆ ಆಗುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಆಮೇಲೆ ಹೇಗಿದ್ದೀರಿ ಅನ್ನುವಳು. ನಾನು ಶಾಲೆಗೆ ಹೊರಟರೆ ಗಲ್ಲ ಹಿಡಿದು, ಒಂದು ಕಣ್ಣು ಮುಚ್ಚಿ ನನ್ನ ಬೈತಲೆ ನೋಡುವಳು. "ಈ ದಾರೀಲಿ ದೋಣಿ ಬಿಟ್ರೆ ಸೀದಾ ಹೋಗಿ ಕಿವಿಗೆ ಬಡಿಯುತ್ತೆ ಕಣೇ" ಎಂದು ಕಟ್ಟಿದ ಜಡೆ ಬಿಚ್ಚಿ ಮತ್ತೆ ಬಾಚುವಳು. ನಾನು ಕಿರುಚಿದಷ್ಟೂ ಬಾಚಣಿಗೆ ಬಿಗಿಯಾಗುತ್ತಿತ್ತು. ದ್ವೀಪದಲ್ಲಿ ಎಲ್ಲರೂ ಅವಳನ್ನು ಕಂಬದತ್ತೆ ಎಂದೇ ಕರೆಯುತ್ತಿದ್ದರು. ನನಗೆ ಅವಳು ನಿಜವಾದ ಅತ್ತೆ, ಅಪ್ಪನ ತಂಗಿ. ಉಳಿದವರದ್ದು ಹೆದರಿಕೆಯಿಂದ ಬಂದ ನೆಂಟಸ್ತನ.

ಕಂಬ ಅಂದರೆ ಎರಡು ಕಂಬ. ಒಂದು ಕೆಳಗೆ ಮರಳ ದಂಡೆಯ ಮೇಲೆ, ಇನ್ನೊಂದು ಅದರ ಹಿಂದೆ, ಮನೆಗಳಿರುವ ದಿಬ್ಬದ ಮೇಲೆ, ಅತ್ತೆಯ ಅಂಗಳದ ಮೂಲೆಯಲ್ಲಿ. ಎರಡಕ್ಕೂ ಬಿಳಿ ಸುಣ್ಣ. ನಮ್ಮ ದಂಡೆಯ ಮುಂದೆ ನೀರಿನಡಿ ಬಂಡೆಗಳ ಸಾಲಿದೆ. ನೀರು ಏರಿದಾಗ ಒಂದೂ ಕಾಣುವುದಿಲ್ಲ. ನಡುವೆ ಒಂದು ಸಂದಿ, ಎರಡು ದೋಣಿಯಷ್ಟು ಅಗಲ. ಸಮುದ್ರದಿಂದ ಬರುವವನು ಚುಕ್ಕಾಣಿ ಹಿಡಿದು ದಡ ನೋಡುತ್ತಾ ಬರಬೇಕು. ಮೇಲಿನ ಕಂಬ ಕೆಳಗಿನ ಕಂಬದ ಹಿಂದೆ ಸರಿಯಾಗಿ ಕೂತಿತು ಅಂದರೆ ಅವನು ಸಂದಿಯ ನೇರಕ್ಕಿದ್ದಾನೆ. ಒಂದರ ಪಕ್ಕ ಇನ್ನೊಂದು ಇಣುಕಿತು ಅಂದರೆ ಬಂಡೆಯ ನೇರಕ್ಕಿದ್ದಾನೆ. ಇಷ್ಟೇ ವಿದ್ಯೆ. ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಇದನ್ನು ಬೇಕೆಂದೇ ಮೊದಲು ಹೇಳುತ್ತಿದ್ದೇನೆ, ಆಮೇಲೆ ಯಾರೂ ನನ್ನ ಪರವಾಗಿ ಪಾಪ ಅವಳಿಗೇನು ಗೊತ್ತು ಅನ್ನಬಾರದು.

ಅತ್ತೆ ಮದುವೆಯಾಗಿ ಆ ಮನೆಗೆ ಬಂದ ವಾರಕ್ಕೇ ಅವಳ ಮಾವ ಸುಣ್ಣದ ಬಕೆಟ್ಟು, ಬ್ರಷ್ಷು ಕೈಗೆ ಕೊಟ್ಟು, ಇನ್ನು ಇದು ನಿನ್ನದು ಎಂದರಂತೆ. ಅವತ್ತಿನಿಂದ ಅವಳು ವರ್ಷಕ್ಕೆರಡು ಸಲ ಸುಣ್ಣ ಹೊಡೆದಳು, ಗಾಳಿಗೆ ವಾಲಿದರೆ ಬುಡಕ್ಕೆ ಕಲ್ಲು ಬಡಿದಳು, ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದವರ ಏಳು ತಲೆಮಾರಿನ ಜನ್ಮ ಜಾಲಾಡಿದಳು. ಮೈ ಉಜ್ಜಿಕೊಳ್ಳಲು ಬರುವ ಆಡುಗಳಿಗೂ ಅವಳ ಬೈಗುಳ ಅರ್ಥವಾಗುತ್ತಿತ್ತು. ಒಂದು ದಿನವೂ ದೋಣಿ ಹತ್ತಿ ಮೀನು ಹಿಡಿದವಳಲ್ಲ. ಆದರೆ ಯಾವ ದೋಣಿ ಹೊರಗಿದೆ, ಯಾವುದು ಬಂತು ಎಂಬುದು ಅವಳಿಗೆ ಬೆರಳ ತುದಿಯಲ್ಲಿತ್ತು. ಹೊರಗೆ ಹೋದವರೆಲ್ಲ ವಾಪಸ್ ಬರುವವರೆಗೆ ಅನ್ನ ಸರಿಯಾಗಿ ಇಳಿಯುತ್ತಿರಲಿಲ್ಲ.

ಅವಳ ಗಂಡ, ನನ್ನ ಮಾವ, ಮಾತು ಕಡಿಮೆಯ ಮನುಷ್ಯ. ಆಡಿದರೆ ತಮಾಷೆಯೇ. "ಮೂರು ಕಂಬ ಇದ್ದಾವೆ ಈ ಮನೇಗೆ. ಎರಡಕ್ಕೆ ಸುಣ್ಣ ಹೊಡೀತಾಳೆ, ಮೂರನೇದಕ್ಕೆ ಬೈತಾಳೆ" ಎಂದು ತನ್ನ ಎದೆ ತಟ್ಟಿಕೊಳ್ಳುವನು. ಅವರಿಗೆ ಮಕ್ಕಳಾಗಲಿಲ್ಲ. ನನ್ನ ಅಪ್ಪ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅವರಿಬ್ಬರೇ. ಹದಿನೈದು ವರ್ಷ ಅವರ ಅನ್ನ ತಿಂದಿದ್ದೇನೆ.

ಓದು ಮುಗಿಸಿ ನಾನು ಆಚೆ ದಡಕ್ಕೆ ಹೋದೆ. ಲಾಂಚು ಕಟ್ಟೆಯಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿತು. ಮೂರು ಗಂಟೆಯ ಪ್ರಯಾಣ, ವಾರಕ್ಕೆ ಎರಡೇ ಲಾಂಚು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕಿಟಕಿಯ ಹಿಂದೆ ಕೂತೆ. ಮೈಯ ಮೀನು ವಾಸನೆ ಹೋಗಲೆಂದು ಎಷ್ಟು ಸೋಪು ತಿಕ್ಕಿದೆನೋ ಲೆಕ್ಕವಿಲ್ಲ. ಯಾರಾದರೂ ನಿಮ್ಮೂರು ಯಾವುದು ಅಂದರೆ ಹತ್ತಿರದ ಪೇಟೆಯ ಹೆಸರು ಹೇಳುತ್ತಿದ್ದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು, ಹಾಗೆ.

ಆ ವರ್ಷ ನಮ್ಮ ದಂಡೆಗೆ ಗೆಸ್ಟ್‌ಹೌಸ್ ಬಂತು. ಹತ್ತು ಕೋಣೆ, ಸುತ್ತ ತಂತಿ ಬೇಲಿ, ಮರಳ ಮೇಲೆ ಬಣ್ಣದ ಕುರ್ಚಿಗಳು. ಕೆಳಗಿನ ಕಂಬ ಅವರ ಬೇಲಿಯೊಳಗೆ ಸಿಕ್ಕಿತು. ಮ್ಯಾನೇಜರನಿಗೆ ಕಂಬ ತುಂಬಾ ಇಷ್ಟವಾಯಿತಂತೆ. ಇಷ್ಟವಾಗಿದ್ದೇ ಗ್ರಹಚಾರ. ಕುರ್ಚಿಗಳ ನಡುವೆ ಅಡ್ಡವಾಗುತ್ತದೆ, ಆದರೆ ಹಳೆಯ ಕಾಲದ್ದು, ಎಸೆಯಬಾರದು ಎಂದು ಗೌರವದಿಂದ ಕಿತ್ತು, ಇಪ್ಪತ್ತು ಹೆಜ್ಜೆ ಬಲಕ್ಕೆ, ತನ್ನ ಗೇಟಿನ ಪಕ್ಕ ನೆಡಿಸಿದ. ಸುಣ್ಣದ ಮೇಲೆ ಹೊಳೆಯುವ ಬಿಳಿ ಪೇಂಟು ಬೇರೆ! ದಿನಾ ಹೋಗಿ ದಿನಾ ಬರುವ ದೋಣಿಯವರು, ನಮಗೆ ಜಾಗ ಗೊತ್ತಲ್ಲ, ನೋಡಿಕೊಂಡು ಬರ್ತೀವಿ ಎಂದು ಸುಮ್ಮನಾದರು. ಗೆಸ್ಟ್‌ಹೌಸಿನವರು ಮೀನು ಕೊಳ್ಳುತ್ತೇವೆ ಎಂದಿದ್ದರು, ಯಾರು ಬಾಯಿ ಬಿಡುತ್ತಾರೆ?

ಬಾಯಿ ಬಿಟ್ಟವಳು ಅತ್ತೆ ಒಬ್ಬಳೇ. ಮಾವನ ದೋಣಿ ಹೊರಗಿತ್ತು. ಮಾವ ಮತ್ತು ಅವನ ತಮ್ಮ ದೂರದ ನೀರಿಗೆ ಹೋಗಿ ನಾಲ್ಕು ದಿನವಾಗಿತ್ತು. ಅವರು ಹೊರಟಾಗ ಕಂಬ ಅದರ ಜಾಗದಲ್ಲೇ ಇತ್ತು. ಅಷ್ಟು ದೂರಕ್ಕೆ ಫೋನು ಸಿಗುವುದಿಲ್ಲ. ಬಂದರೆ ಹೊಸ ಜಾಗದ ಕಂಬ ನೋಡಿ ನೇರ ಹಿಡಿಯುತ್ತಾರೆ, ನೇರ ಹಿಡಿದರೆ ಬಂಡೆ.

"ಸ್ವಾಮಿ, ಕಂಬ ಅಂದ್ರೆ ನಿಮ್ಮನೆ ಹೂವಿನ ಕುಂಡ ಅಲ್ಲ, ಬೇಕಾದ ಕಡೆ ಇಡೋಕೆ" ಎಂದು ಮ್ಯಾನೇಜರನ ಮುಂದೆ ನಿಂತಳಂತೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಬದುಕುತ್ತಿದ್ದೆ. ಶನಿವಾರ ಉದ್ಘಾಟನೆ, ಸೋಮವಾರ ಖಂಡಿತ ವಾಪಸ್ ನೆಡಿಸುತ್ತೇನೆ, ಅಲ್ಲಿಯವರೆಗೆ ಕಂಬಕ್ಕೆ ಗೋಣಿಚೀಲ ಮುಚ್ಚೋಣ ಎಂದ. ಗೋಣಿ ಮುಚ್ಚಿದರು. ಆದರೆ ಹಳೆ ಜಾಗದಲ್ಲಿ ಏನಾದರೂ ಬಿಳಿಯದ್ದು ಇರಬೇಕಲ್ಲ? ಅತ್ತೆ ಮನೆಯಿಂದ ಬಿಳಿ ಬೆಡ್‌ಶೀಟು ತಂದು, ತಲೆಯಿಂದ ಕಾಲಿನವರೆಗೆ ಹೊದ್ದು, ಕಂಬ ಕಿತ್ತ ಗುಂಡಿಯಲ್ಲೇ ನಿಂತಳು. ಕತ್ತಲಲ್ಲಿ ಆ ಸಂದಿಯನ್ನು ಯಾರೂ ಹಾಯುವುದಿಲ್ಲ, ಹಾಗಾಗಿ ಬೆಳಕು ಹರಿದಾಗಿನಿಂದ ಬೆಳಕು ಮುಗಿಯುವವರೆಗೆ. ನಡುನಡುವೆ ಅವಳ ಓರಗಿತ್ತಿ ಬಂದು ನಿಲ್ಲುತ್ತಿದ್ದಳು. ಹೀಗೆ ಎರಡು ದಿನ.

ಮೂರನೆಯ ದಿನ ಶನಿವಾರ. ಲಾಂಚಿನಲ್ಲಿ ಮೂವತ್ತು ಅತಿಥಿಗಳನ್ನು ಕರೆದುಕೊಂಡು ಹೋದವಳು ನಾನು. ಅಲ್ಲೇ ಹುಟ್ಟಿದವಳಲ್ಲವೇ, ಜೊತೆಗೆ ಹೋಗಿ ಎಂದು ಆಫೀಸಿನಲ್ಲಿ ಹೇಳಿದ್ದರು. ದ್ವೀಪದಲ್ಲಿ ಲಾಂಚು ನಿಲ್ಲುವ ಕಟ್ಟೆ ಹಿಂಭಾಗದಲ್ಲಿದೆ, ಅಲ್ಲಿಂದ ನಡೆದು ದಂಡೆಗೆ ಬಂದೆವು. ಬಂದರೆ ಏನು ನೋಡುವುದು! ಬಣ್ಣದ ಕುರ್ಚಿಗಳ ನಡುವೆ ನಮ್ಮತ್ತೆ ಬಿಳಿ ಬೆಡ್‌ಶೀಟು ಹೊದ್ದು ನಿಂತಿದ್ದಾಳೆ. ನಮ್ಮ ಗುಂಪು ಕಂಡಾಗ ಬೆಡ್‌ಶೀಟಿನೊಳಗಿಂದ ಎರಡೂ ಕೈ ಮೇಲೆತ್ತಿದಳು, ನನ್ನ ಗುರುತು ಹಿಡಿದು. ಅತಿಥಿಗಳು, ಅಯ್ಯೋ ನಮ್ಮನ್ನ ಸ್ವಾಗತ ಮಾಡ್ತಿದ್ದಾರೆ, ಎಷ್ಟು ಚೆನ್ನಾಗಿದೆ ಎಂದು ಕ್ಯಾಮೆರಾ ತೆಗೆದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಗಂಟಲು ಒಣಗಿತ್ತು, ತುಟಿ ಒಡೆದಿತ್ತು. ಓರಗಿತ್ತಿಯನ್ನು ಅವತ್ತು ಗೆಸ್ಟ್‌ಹೌಸಿನ ಅಡುಗೆಮನೆಗೆ ಪಾತ್ರೆ ತೊಳೆಯಲು ಕರೆದಿದ್ದರು. ಬೆಳಗಿನಿಂದ ಅತ್ತೆಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಅತ್ತೆ, ನೀನು ಹೋಗಿ ಎರಡು ತುತ್ತು ತಿಂದು ಬಾ. ನಾನು ನಿಂತಿರ್ತೀನಿ."

"ನೀನಾ?" ಎಂದು ನನ್ನ ಇಸ್ತ್ರಿ ಬಟ್ಟೆ ನೋಡಿದಳು.

"ಯಾಕೆ, ನಾನು ಇಲ್ಲಿಯವಳಲ್ವಾ?"

ಅವಳ ಮುಖ ಅರಳಿತು. ಬೆಡ್‌ಶೀಟು ಬಿಚ್ಚತೊಡಗಿದಳು, ನಾನು ಅದರ ತುದಿ ಹಿಡಿದುಕೊಂಡೆ. ತಾನೇ ನನಗೆ ಹೊದಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದಳು. "ಎಡಕ್ಕೆ. ಇನ್ನೂ ಒಂದು ಚೂರು. ಹಾಂ, ಅಲ್ಲೇ ಇರು ನನ್ನ ಬಂಗಾರ. ಇವತ್ತು ಬಂದೇ ಬರ್ತಾನೆ ನಿಮ್ಮ ಮಾವ, ಗಾಳಿ ಹಾಗಿದೆ." ಹೋಗುವ ಮುಂಚೆ ನನ್ನ ಬೈತಲೆಯನ್ನೂ ಬೆರಳಿಂದ ಸರಿಮಾಡಿ, ದಿಬ್ಬದ ಕಡೆ ಬಿರಬಿರನೆ ಹೋದಳು.

ಹತ್ತು ನಿಮಿಷ ನಿಂತಿದ್ದೆ. ನಿಜವಾಗಿ ನಿಂತಿದ್ದೆ. ಆಮೇಲೆ ಮ್ಯಾನೇಜರ್ ಬಂದ. "ಮೇಡಂ, ರಿಬ್ಬನ್ ಕತ್ತರಿಸ್ತಿದ್ದಾರೆ. ನೀವೇ ಕರ್ಕೊಂಡು ಬಂದಿರೋದು, ನೀವಿಲ್ಲದೆ ಫೋಟೋ ಹೇಗೆ? ಐದೇ ನಿಮಿಷ." ಅತಿಥಿಗಳು ಗೇಟಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಒಬ್ಬಾಕೆ ಏನೋ ಹೇಳಿ ನಕ್ಕಳು. ನನ್ನ ಬಗ್ಗೆಯೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮದುವೆ ಮನೆಗೆ ಹೊರಟವಳ ಹಾಗೆ ಉಟ್ಟುಕೊಂಡು, ಮೇಲೆ ಬೆಡ್‌ಶೀಟು ಹೊದ್ದು ಬೆದರುಬೊಂಬೆಯಂತೆ ನಿಂತಿದ್ದೇನೆ ಎಂಬುದೊಂದೇ ತಲೆಯಲ್ಲಿತ್ತು. ಸಮುದ್ರದ ಕಡೆ ನೋಡಿದೆ. ಏನೂ ಇರಲಿಲ್ಲ. ಐದು ನಿಮಿಷದಲ್ಲಿ ಏನು ಮಹಾ ಆಗಿಹೋಗುತ್ತದೆ? ಬೆಡ್‌ಶೀಟು ತೆಗೆದು, ನಾಲ್ಕು ಮಡಿಕೆ ಮಾಡಿ, ಕೆಂಪು ಕುರ್ಚಿಯ ಮೇಲಿಟ್ಟು ಹೋದೆ.

ಗೇಟಿನಲ್ಲಿ ಫೋಟೋಗೆ ಚೆನ್ನಾಗಿರಲಿ ಎಂದು ಗೋಣಿಚೀಲ ತೆಗೆದಿದ್ದರು. ಕಂಬ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ನಾನು ನೋಡಿದೆ. ನೋಡಿಯೂ ಅದರ ಪಕ್ಕ ಹೋಗಿ ನಿಂತೆ. ರಿಬ್ಬನ್ ಆಯಿತು, ಚಪ್ಪಾಳೆ ಆಯಿತು, ಯಾರೋ ಭಾಷಣ ಶುರುಮಾಡಿದರು. ಭಾಷಣದ ನಡುವೆ ಹೊರಟು ಹೋದರೆ ಏನಂದುಕೊಳ್ಳುತ್ತಾರೋ ಎಂದು ನಿಂತೇ ಇದ್ದೆ.

ದಿಬ್ಬದ ಮೇಲಿಂದ ಕೂಗು ಕೇಳಿತು. ಅತ್ತೆ ತಟ್ಟೆಯ ಮುಂದಿನಿಂದ ಎದ್ದು, ಎಂಜಲು ಕೈಯಲ್ಲೇ ಅಂಗಳಕ್ಕೆ ಬಂದಿದ್ದಳು. ಅವಳಿಗೆ ದೋಣಿ ಕಂಡಿತ್ತು, ಕೆಳಗೆ ಬೆಡ್‌ಶೀಟು ಕಂಡಿರಲಿಲ್ಲ. "ನಿಲ್ಲೇ! ನಿಲ್ಲೇ!" ಎನ್ನುತ್ತಾ ಇಳಿಜಾರಿನಲ್ಲಿ ಓಡಿ ಬಂದಳು. ಅತಿಥಿಗಳು ತಿರುಗಿ ನೋಡಿ ಮತ್ತೆ ಕ್ಯಾಮೆರಾ ಎತ್ತಿದರು. ನಾನು ಕುರ್ಚಿಯ ಕಡೆ ಓಡಿದೆ. ಬೆಡ್‌ಶೀಟಿನ ಮಡಿಕೆ ಬಿಚ್ಚುವಷ್ಟರಲ್ಲಿ ಸದ್ದು ಬಂತು. ದೊಡ್ಡದೇನಲ್ಲ, ಯಾರೋ ಬಾಗಿಲು ಹಾಕಿಕೊಂಡಂತೆ. ಅಷ್ಟೇ.

ಮಾವನ ತಮ್ಮ ಈಜಿ ದಡ ಸೇರಿದ. ಮಾವನನ್ನು ಮಾರನೇ ದಿನ ಸಮುದ್ರವೇ ತಂದು ಹಾಕಿತು. ಮೂವತ್ತು ವರ್ಷ ಕಣ್ಣು ಮುಚ್ಚಿಕೊಂಡು ಹಾಯ್ದ ಸಂದಿ. ಹೆಂಡತಿ ಕಾಯುವ ಕಂಬ ಎಂದು ನಂಬಿ ಬಂದಿದ್ದ. ನಂಬಿದ್ದೇ ತಪ್ಪಾಯಿತು.

ಅತ್ತೆ ನನ್ನನ್ನು ಬೈಯಲಿಲ್ಲ. ಆಡಿಗೂ ಬೈಯುತ್ತಿದ್ದವಳು ನನಗೆ ಒಂದು ಮಾತು ಬೈಯಲಿಲ್ಲ. ಮೂರನೇ ದಿನ ಹೊಸ್ತಿಲಲ್ಲಿ ಕೂತಿದ್ದವಳು ನನ್ನ ಕಡೆ ನೋಡದೆ ಕೇಳಿದಳು.

"ಬೆಡ್‌ಶೀಟು ಎಲ್ಲಿಟ್ಟಿದ್ದೆ?"

"ಕುರ್ಚಿ ಮೇಲೆ, ಅತ್ತೆ."

"ಮಡಿಸಿ ಇಟ್ಟಿದ್ಯಾ?"

"ಹೂಂ."

"ಸರಿ," ಎಂದಳು. ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಅವಸರದಲ್ಲಿ ಎಸೆದು ಹೋಗಿದ್ದರೆ ಕ್ಷಮಿಸುತ್ತಿದ್ದಳೋ ಏನೋ.

ಮ್ಯಾನೇಜರ್ ಸೋಮವಾರ ಕಂಬವನ್ನು ವಾಪಸ್ ನೆಡಿಸಿದ. ಹೇಳಿದ ಮಾತಿಗೆ ತಪ್ಪಲಿಲ್ಲ ಮಹಾರಾಯ! ಅತ್ತೆ ಈಗಲೂ ವರ್ಷಕ್ಕೆರಡು ಸಲ ಸುಣ್ಣ ಹೊಡೆಯುತ್ತಾಳೆ. ನಾನು ಸುಣ್ಣದ ಚೀಲ ಹೊತ್ತು ಲಾಂಚಿನಲ್ಲಿ ಹೋಗುತ್ತೇನೆ. ಬೇಡ ಅನ್ನುವುದಿಲ್ಲ, ಚೀಲ ತೆಗೆದುಕೊಂಡು ಒಳಗಿಡುತ್ತಾಳೆ, ತಟ್ಟೆ ಇಟ್ಟು ಅನ್ನ ಬಡಿಸುತ್ತಾಳೆ. ಹೋದ ಸಲ ಬೇಕೆಂದೇ ಬೈತಲೆ ಸೊಟ್ಟ ತೆಗೆದು ಹೋಗಿದ್ದೆ. ನನಗೆ ನಲವತ್ತಾಯಿತು, ಇಂಥ ನಾಟಕ ಬೇಕಿತ್ತೇ? ಅತ್ತೆ ಬಡಿಸುವಾಗ ಒಂದು ಸಲ ನನ್ನ ತಲೆ ನೋಡಿದಳು. ಕೈ ಸೌಟಿನ ಮೇಲೇ ಇತ್ತು.

ಗೆಸ್ಟ್‌ಹೌಸ್ ಈಗ ಚೆನ್ನಾಗಿ ನಡೆಯುತ್ತಿದೆ. ಅವರ ಕರಪತ್ರ ಹಿಡಿದೇ ಜನ ನನ್ನ ಕಿಟಕಿಗೆ ಬರುತ್ತಾರೆ. ಅದರ ಮುಖಪುಟದಲ್ಲಿ ಅವತ್ತಿನ ಫೋಟೋ: ಬಣ್ಣದ ಕುರ್ಚಿಗಳು, ಹಿಂದೆ ನೀಲಿ ನೀರು, ನಡುವೆ ಬಿಳಿ ಬೆಡ್‌ಶೀಟಿನ ಮುದುಕಿ, ಮುಖ ಅರಳಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ನಿಮಗಾಗಿ ಕಾಯುತ್ತಿದ್ದೇವೆ' ಎಂದಿದೆ. ಕೆಲವರು ಕರಪತ್ರ ತೋರಿಸಿ ಕೇಳುತ್ತಾರೆ.

"ಈ ಅಜ್ಜಿ ಈಗಲೂ ಇದ್ದಾರಾ ಮೇಡಂ?"

"ಇದ್ದಾರೆ" ಎಂದು ಟಿಕೆಟ್ ಹರಿದು ಕೊಡುತ್ತೇನೆ.

ಮೊನ್ನೆ ಒಂದು ಪುಟ್ಟ ಹುಡುಗಿ ಅಪ್ಪನ ಹೆಗಲ ಮೇಲಿಂದ ಬಗ್ಗಿ ಆ ಚಿತ್ರ ನೋಡುತ್ತಿದ್ದಳು. ಫೋಟೋದ ಅಂಚಿನಲ್ಲಿ ಬೆಡ್‌ಶೀಟಿನ ತುದಿ ಹಿಡಿದ ಒಂದು ಕೈ ಇದೆ, ಮೊಣಕೈವರೆಗೆ ಮಾತ್ರ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಅಪ್ಪಾ, ಇದು ಯಾರ ಕೈ?"

"ಯಾರೋ ಇರಬೇಕು ಪುಟ್ಟಾ, ಅಜ್ಜಿಗೆ ಸಹಾಯ ಮಾಡ್ತಿದ್ದಾರೆ," ಎಂದ ಅಪ್ಪ.

ನಾನು ಚಿಲ್ಲರೆ ಕೊಡಲು ಕಿಟಕಿಯಿಂದ ಹೊರಗೆ ಚಾಚಿದ್ದ ಕೈಯನ್ನು ಒಳಗೆ ಎಳೆದುಕೊಂಡೆ.