ಅಕ್ಕ ಹಾಕುತ್ತಿದ್ದ ಎರಡು ಜಡೆ

ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅಕ್ಕ ಮಾತಾಡುತ್ತಿದ್ದಳು. ನಸುಕಿನಿಂದ ಅಕ್ಕಿ, ಉದ್ದು ತೊಳೆದು ತೊಳೆದು ಅವಳ ಬೆರಳ ತುದಿಗಳು ಬೆಳ್ಳಗೆ ನೆರಿಗೆಗಟ್ಟಿರುತ್ತಿದ್ದವು. ಈರುಳ್ಳಿ ವಾಸನೆ ನನಗೆ ಆಗುವುದಿಲ್ಲವೆಂದು ಮೊದಲು ನಿಂಬೆ ಸಿಪ್ಪೆ ತಿಕ್ಕಿ ಕೈ ತೊಳೆದು, ಆಮೇಲೆ ನನ್ನ ತಲೆ ಮುಟ್ಟುವಳು. "ಅಲುಗಾಡಬ್ಯಾಡ ತಂಗಿ, ಬೈತಲೆ ಸೊಟ್ಟ ಆಗ್ತದ" ಎನ್ನುವುದು ದಿನದ ಮಾತು.

ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ನಮ್ಮ ಹೋಟೆಲು. ಅಪ್ಪ ಕುಂದಾಪುರದ ಕಡೆಯವರು. ಬೆಳಗ್ಗೆ ಅಮ್ಮ ಗಲ್ಲಾದಲ್ಲಿ ಕೂರಬೇಕಾಗಿದ್ದರಿಂದ ನನ್ನ ಜಡೆ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ಕೆಲಸದವಳ ಪಾಲಿಗೆ ಬಂತು. ಅವಳನ್ನೇ ನಾನು ಅಕ್ಕ ಎನ್ನುತ್ತಿದ್ದೆ. ಆಗುತ್ತದೋ ಇಲ್ಲವೋ ಎಂದು ಅವಳನ್ನು ಯಾರೂ ಕೇಳಿದ ನೆನಪಿಲ್ಲ. ಅವಳು ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದವರ ವಂಶದವರು ಆ ಜನ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಬಂದಿದ್ದಳು. ಮಗಳು ಓದಬೇಕು ಎನ್ನುವುದೊಂದೇ ಅವಳ ಹಟ. ಅಪ್ಪ ಆ ಹುಡುಗಿಯನ್ನು ನನ್ನ ಶಾಲೆಗೇ, ನನ್ನ ಐದನೇ ಕ್ಲಾಸಿಗೇ ಸೇರಿಸಿದರು.

ಅಲ್ಲಿಯವರೆಗೆ ಶಾಲೆಯಲ್ಲಿ ನನ್ನ ಹೆಸರು ಇಡ್ಲಿ. ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಈ ಹುಡುಗಿ ಬಾಗಿಲಲ್ಲಿ ನಿಂತ ದಿನ ಹಿಂದಿನ ಬೆಂಚಿನವನೊಬ್ಬ "ವೆಸ್ಟ್ ಇಂಡೀಸ್" ಎಂದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಆಮೇಲೆ ನನ್ನನ್ನು ಯಾರೂ ಇಡ್ಲಿ ಎನ್ನಲಿಲ್ಲ. ಆ ಸುಖವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಅವಳು ಕನ್ನಡದಲ್ಲಿ ಏನಾದರೂ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಟ್ಟು ಮುಖ ತಿರುಗಿಸುತ್ತಿದ್ದೆ.

ಹುಡುಗಿಯರು ಎರಡು ಜಡೆ ಹಾಕಿ, ಮಡಚಿ, ಕೆಂಪು ರಿಬ್ಬನ್ ಕಟ್ಟಿಕೊಂಡು ಬರಬೇಕು ಎಂಬುದು ಶಾಲೆಯ ನಿಯಮ. ಹಾಗೆ ಬಾರದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು ಮಾನಿಟರ್ ಕೆಲಸ. ಮಾನಿಟರ್ ನಾನು. ಹೆಸರು ಬಿದ್ದವರು ಮೊದಲ ಪೀರಿಯಡ್ ಪೂರ್ತಿ ಹೊರಗೆ. ಅವಳ ಕೂದಲು ಕೆಳಗಿಳಿಯುವ ಜಾತಿಯದಲ್ಲ, ಸುರುಳಿ ಸುತ್ತಿ ತಲೆಯ ಮೇಲೇ ನಿಲ್ಲುತ್ತಿತ್ತು. ಇನ್ನು ಜಡೆ ಮಡಚಿ ಕಟ್ಟುವುದೆಲ್ಲಿ? ಅಕ್ಕ ಹಾಕಿದ ನೆಟ್ಟನೆಯ ಎರಡು ಜಡೆ ಹೊತ್ತುಕೊಂಡು ಹೋಗಿ, ನಾನು ದಿನಾ ಅಕ್ಕನ ಮಗಳ ಹೆಸರು ಬರೆಯುತ್ತಿದ್ದೆ.

ಒಂದು ಭಾನುವಾರ ಅಕ್ಕ ಮಧ್ಯಾಹ್ನದ ಬಿಡುವೆಲ್ಲ ಕೂತು ಮಗಳ ನೆತ್ತಿಗೆ ಅಂಟಿದಂತೆ ಸಾಲು ಸಾಲು ಸಣ್ಣ ಜಡೆ ಹೆಣೆದಳು. ಹಿಂದೆ ಎರಡು ಗೊಂಚಲು ಮಾಡಿ ಕೆಂಪು ರಿಬ್ಬನ್ ಕಟ್ಟಿದಳು. ಅಷ್ಟು ಚೆಂದದ ತಲೆಯನ್ನು ನಾನು ನೋಡಿಯೇ ಇರಲಿಲ್ಲ. ಹೊಟ್ಟೆ ಉರಿಯಿತು. ಸೋಮವಾರ ಅವಳ ಹೆಸರಿನ ಮುಂದೆ 'ಫ್ಯಾಷನ್' ಎಂದು ಬರೆದೆ. ಟೀಚರ್ ಅವಳನ್ನು ಹೊರಗೆ ಕೂರಿಸಿ ಒಂದೊಂದೇ ಜಡೆ ಬಿಚ್ಚಿಸಿದರು. ಡೈರಿಯಲ್ಲಿ ಮರಾಠಿಯಲ್ಲಿ ಒಂದು ಸಾಲು ಗೀಚಿ ಕಳಿಸಿದರು. ಅಕ್ಕನಿಗೆ ಓದು ಬಾರದು. ಸಂಜೆ ಡೈರಿಯನ್ನು ನನ್ನ ಹತ್ತಿರವೇ ತಂದಳು.

"ಏನ್ ಬರ್ದಾರ ತಂಗಿ?"

"ಎರಡು ಜಡೆ ಹಾಕ್ಬೇಕಂತೆ. ಇಲ್ಲಾಂದ್ರೆ ಕೂದಲು ಪೂರಾ ಗಿಡ್ಡ ಮಾಡಿಸ್ಬೇಕಂತೆ."

"ಗಿಡ್ಡ ಮಾಡಿಸಿದ್ರ ಮತ್ತ ಹೆಸರು ಬರೆಯೂದಿಲ್ಲಲ್ಲ?"

"ಇಲ್ಲ" ಎಂದೆ.

ಮರುದಿನ ಹುಡುಗಿ ನುಣ್ಣಗೆ ಬೋಳಿಸಿದ ತಲೆಯಲ್ಲಿ ಬಂದಳು. ಯಾರಿಗೂ ತಪ್ಪು ಸಿಗದಿರಲಿ ಎಂದು ಅಕ್ಕ ಒಂದೆಳೆಯನ್ನೂ ಉಳಿಸಿರಲಿಲ್ಲ. "ತಿರುಪತೀಲಾ ಗೇಲಿ ಹೋತೀಸ ಕಾ?" ಎಂದು ಟೀಚರ್ ಕೇಳಿದರು, ತಿರುಪತಿಗೆ ಹೋಗಿದ್ದೆಯಾ ಎಂದು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಸೀಮೆಸುಣ್ಣ ಎತ್ತಿಕೊಂಡು ಅವಳ ಹೆಸರು ಬರೆದು ಮುಂದೆ 'ಎರಡು ಜಡೆ ಇಲ್ಲ' ಎಂದು ಸೇರಿಸಿದೆ. ಬರೆ ಎಂದು ಅಂದು ಯಾರೂ ಹೇಳಿರಲಿಲ್ಲ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ತಾಯಿಯ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚತೊಡಗಿದಳು. ಮಾರನೆಯ ಬೆಳಗ್ಗೆಯೂ ಅಕ್ಕ ನಿಂಬೆ ಸಿಪ್ಪೆಯಲ್ಲಿ ಕೈ ತೊಳೆದಳು, ಬಾಚಣಿಗೆ ಕಚ್ಚಿಕೊಂಡಳು, ಅದೇ ಮಾತು ಹೇಳಿದಳು. ಕೈ ಒಂದಿಷ್ಟೂ ಬಿರುಸಾಗಲಿಲ್ಲ. ಸದ್ಯ, ಇವಳಿಗೆ ನನ್ನ ವಿಷಯ ಗೊತ್ತಿಲ್ಲ ಎಂದುಕೊಂಡೆ. ಇನ್ನೂ ಎರಡು ವರ್ಷ ಆ ಕೈಗೆ ತಲೆ ಕೊಟ್ಟೆ. ಆಮೇಲೆ ಅವರು ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ, ಒಂದು ಮೆಸ್ಸಿನ ಕೆಲಸಕ್ಕೆ ಹೋದರು. ದೊಡ್ಡವಳಾದ ಮೇಲೆ ಅಕ್ಕನ ಪ್ರೀತಿಯನ್ನು ಕಂಡಕಂಡವರ ಮುಂದೆ ಹೊಗಳಿದೆ. ಒಂದು ದಿನವೂ ನನ್ನ ಕೂದಲು ಜಗ್ಗಲಿಲ್ಲ ಎನ್ನುತ್ತಿದ್ದೆ.

ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಹೋದೆ. ಮಗಳು ಮೆಸ್ಸಿನ ಹಿಂದಿನ ಕೋಣೆಯಲ್ಲಿ ಕೂರಿಸಿ ಚಹ ಕೊಟ್ಟಳು. ನನಗೆ ತಡೆಯಲಾಗಲಿಲ್ಲ. ನಿನ್ನ ಹೆಸರು ಬರೆಯುತ್ತಿದ್ದವಳು ನಾನೇ ಎಂದು ಅಕ್ಕನಿಗೆ ಬಾಯಿಬಿಟ್ಟು ಹೇಳಬೇಕಿತ್ತು ಎಂದೆ.

"ಅವ್ವಗ ಗೊತ್ತಿತ್ತು" ಎಂದಳು. "ಮೊದಲನೇ ವಾರನೇ ಹೇಳಿದ್ದೆ."

"ಆದ್ರೂ ಒಂದು ದಿನಾನೂ ನನ್ನ ಕೂದಲು ಜಗ್ಗಲಿಲ್ಲ..."

"ಜಗ್ಗಿದ್ರ ನೀವು ಅಳ್ತೀರಿ, ನೀವು ಅತ್ತರ ಕೆಲಸ ಹೋಗ್ತದ ಅಂತಿದ್ಲು."

ಇಷ್ಟು ವರ್ಷ ನಾನು ಪ್ರೀತಿ ಎಂದುಕೊಂಡು ತಿರುಗಿದ್ದು ಆ ಹೆದರಿಕೆಯನ್ನು. ಮತ್ತ ಹೆಸರು ಬರೆಯೂದಿಲ್ಲಲ್ಲ ಎಂದು ಅಂದು ಡೈರಿ ಹಿಡಿದು ನಿಂತವಳು ಟೀಚರ ವಿಷಯ ಕೇಳಿರಲಿಲ್ಲ. ಅವಳು ಬೇಡಿಕೊಂಡಿದ್ದು ನನ್ನನ್ನು. ಇಲ್ಲ ಎಂದು ನಾನು ಹೇಳಿದ್ದೆ. ಆ ಮಾತು ನಂಬಿ ಅವಳು ಮಗಳ ತಲೆ ಬೋಳಿಸಿದ್ದಳು.