ಪಕ್ಕದ ಬೆಂಚಿನ ಕೂಗು

ತೊಂಗ್ಯೊಂಗ್ ಬಂದರಿನ ಒಣಮೀನಿನ ಪೇಟೆಯಲ್ಲಿ ಬಾಂಗ್ ಜೇಮಾನನಿಗೆ ಎರಡು ಹೆಸರಿದ್ದವು. ಸಗಟು ಗಿರಾಕಿಗಳಿಗೆ ಅವನು ‘ಯಜಮಾನ್ರು’, ಎದುರಂಗಡಿಯ ತಾಕ್ ಚಿಕ್ಕಮ್ಮನಿಗೆ ‘ಗಿಟಾರು’. ಎರಡೂ ಪೂರ್ತಿ ನಿಜವಲ್ಲ. ಅಂಗಡಿ ಇನ್ನೂ ಅಮ್ಮನ ಹೆಸರಿನಲ್ಲಿತ್ತು. ಗಿಟಾರು ಕೇಳಿ ಯಾರೂ ಅವನಿಗೆ ಈತನಕ ಒಂದು ಬಟ್ಟಲು ಅನ್ನ ಹಾಕಿರಲಿಲ್ಲ.

ಹರೆಯದ ಬ್ಯಾಂಡಿನ ಗೆಳೆಯರು ಮದುವೆ, ವಿಮೆ, ಕೋಳಿ ಹುರಿಯುವ ಅಂಗಡಿ ಎಂದು ಚದುರಿಹೋಗಿದ್ದರು. ನಲವತ್ತು ದಾಟಿದರೂ ಹಟ ಬಿಡದವನು ಇವನೊಬ್ಬನೇ. ಅಂಗಡಿಯ ಹಿಂದಿನ ಗೋದಾಮೇ ಅವನ ಸ್ಟುಡಿಯೊ. ಒಣಮೀನಿನ ಪೆಟ್ಟಿಗೆಗಳನ್ನು ಸುತ್ತ ಸೂರಿನವರೆಗೆ ಒಟ್ಟಿದರೆ ಪ್ರತಿಧ್ವನಿ ಸತ್ತೇಹೋಗುತ್ತದೆ. ಹಾಡಿಗೆ ವಾಸನೆ ಅಂಟುವುದಿಲ್ಲ ಎಂಬುದು ಕೇಳುಗರ ಪುಣ್ಯ.

ಆ ಚಳಿಗಾಲ ಅವನು ಕೈಹಾಕಿದ್ದು ಹರೆಯದ ಕಾಲದ ಒಂದು ರಾಕ್ ಹಾಡಿಗೆ. ಪಾಪಿಯೊಬ್ಬ ದಡದಲ್ಲಿ ನಿಂತು, ದೋಣಿ ನಡೆಸುವ ದೇವರನ್ನು ‘ನನ್ನನ್ನೂ ದಾಟಿಸು’ ಎಂದು ಕೂಗುವ ಹಾಡು. ಮೂಲದವರು ಅಬ್ಬರಿಸಿ ಹಾಡಿದ್ದರು. ಜೇಮಾನ್ ಅದನ್ನು ನಿಧಾನಕ್ಕಿಳಿಸಿ ಹಾಡಿದ. ಗಿಟಾರು ಒದಗಿತು, ಡ್ರಮ್ ಒದಗಿತು, ಗಂಟಲೂ ಆ ವಾರ ಅವನ ಮಾತು ಕೇಳಿತು. ಆದರೂ ಏನೋ ಕೊರತೆ. ದಡದಲ್ಲಿ ಅವನೊಬ್ಬನೇ ನಿಂತಂತಿತ್ತು. ಹಿಂದೆ ಜನ ಬೇಕು, ದಾಟಲು ಕಾದು ಸಾಕಾದ ಜನ.

ಅಂಥ ಜನ ಅವನಿಗೆ ಗೊತ್ತಿರುವುದು ಒಂದೇ ಕಡೆ. ಅಮ್ಮ ದಿನಾ ಬೆಳಕು ಹರಿಯುವ ಮುಂಚೆ ಚರ್ಚಿಗೆ ಹೋಗುತ್ತಾಳೆ. ಪಾದ್ರಿ ಮೂರು ಸಲ ‘ಕರ್ತನೇ’ ಎಂದು ಕೂಗಿಸಿ ದೀಪ ತಗ್ಗಿಸಿದ್ದೇ ತಡ, ಎಲ್ಲರೂ ಒಟ್ಟಿಗೆ ದನಿಯೆತ್ತಿ ಅವರವರ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಮಗನ ಪರೀಕ್ಷೆ, ಸೊಸೆಯ ಬಾಯಿ, ದೋಣಿಯ ಇಂಜಿನು ಎಲ್ಲ ಒಂದೇ ಗದ್ದಲದಲ್ಲಿ ಮೇಲಕ್ಕೇರುತ್ತವೆ.

ಮಗ ತಾನಾಗಿ ಚರ್ಚಿಗೆ ಹೊರಟಾಗ ಅಮ್ಮನಿಗೆ ಕಣ್ಣು ತುಂಬಿತು. ಅವನು ಬೆಂಚಿನ ಮೇಲೆ ಅಮ್ಮನಿಗೂ ತಾಕ್ ಚಿಕ್ಕಮ್ಮನಿಗೂ ನಡುವೆ, ರೆಕಾರ್ಡಿಂಗ್ ಚಾಲೂ ಮಾಡಿದ ಫೋನು ಮಗುಚಿಟ್ಟು, ಹಿಂದೆ ಹೋಗಿ ಕೂತ. ತಿರುಗಿ ಬರುವಾಗ ಅಮ್ಮ ಅವನ ಕೈ ಹಿಡಿದುಕೊಂಡಿದ್ದಳು. ಅವನಿಗೆ ಆ ಕೈ ಬಿಡಿಸಿಕೊಳ್ಳಬೇಕು ಅನಿಸಿತು, ಬಿಡಿಸಿಕೊಳ್ಳಲಿಲ್ಲ.

ಗೋದಾಮಿನಲ್ಲಿ ಕೇಳಿದರೆ ಫೋನಿನ ತುಂಬ ಅಮ್ಮನೇ. ತಗಡಿನ ಮೇಲೆ ಮೊಳೆ ಎಳೆದಂಥ ದನಿ, ಉಳಿದವರೆಲ್ಲ ಅದರಡಿ ಮುಚ್ಚಿಹೋಗಿದ್ದರು. ಈಗ ಒಂದು ದನಿಯಿಂದ ಇನ್ನೊಂದನ್ನು ಬಿಡಿಸಲು ಕಂಪ್ಯೂಟರಿನಲ್ಲಿ ಉಪಾಯಗಳಿವೆ. ಮೀನಿನಿಂದ ಮುಳ್ಳು ತೆಗೆಯುವವನ ತಾಳ್ಮೆಯಿಂದ ಜೇಮಾನ್ ಕೂತು ಅಮ್ಮನನ್ನು ಅಳಿಸಿದ. ಅಡಿಯಿಂದ ಇನ್ನೊಂದು ದನಿ ಎದ್ದು ಬಂತು. ಒಡೆದ ದನಿ, ಆದರೆ ತಾಳ ತಪ್ಪದ್ದು. ‘ಕರ್ಕೊಂಡ್ಬಿಡು ಕರ್ತನೇ, ಅವರನ್ನ ಕರ್ಕೊಂಡ್ಬಿಡು, ಇವತ್ತೇ ಕರ್ಕೊಂಡ್ಬಿಡು, ನನ್ನ ಕೈಯಲ್ಲಿ ಎತ್ತಕ್ಕಾಗಲ್ಲ.’

ತಾಕ್ ಚಿಕ್ಕಮ್ಮನ ಗಂಡ ಲಕ್ವ ಹೊಡೆದು ಮಲಗಿ ವರ್ಷಗಳಾಗಿದ್ದವು. ಮಗ್ಗುಲು ಹೊರಳಿಸುವುದು, ಬಾಯಿಗೆ ಗಂಜಿ ಇಡುವುದು ಎಲ್ಲ ಅವಳೇ. ಪೇಟೆಯ ಸಂಘ ‘ಮಾದರಿ ಪತ್ನಿ’ ಎಂದು ಫಲಕ ಕೊಟ್ಟು, ಅದನ್ನು ಅವಳ ಅಂಗಡಿಯಲ್ಲಿ ಒಣ ಪಾಚಿಯ ಕಟ್ಟುಗಳ ಮೇಲೆ ತಾನೇ ಮೊಳೆ ಹೊಡೆದು ತೂಗುಹಾಕಿತ್ತು.

ಜೇಮಾನ್ ಕಿವಿಯಿಂದ ಹೆಡ್‌ಫೋನ್ ತೆಗೆದ. ಹೊರಗೆ ಹೋಗಿ ಸಿಗರೇಟು ಹಚ್ಚಿದ. ಅಳಿಸಿಬಿಡಬೇಕು, ಅದರಲ್ಲಿ ಅನುಮಾನವೇ ಇರಲಿಲ್ಲ. ಒಳಗೆ ಬಂದು, ಅಳಿಸುವ ಮುಂಚೆ ಒಂದೇ ಒಂದು ಸಲ ಎಂದು, ಅದನ್ನು ಡ್ರಮ್ಮಿನ ಮೇಲೆ ಕೂರಿಸಿ ನೋಡಿದ. ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷ ಹುಡುಕಿದ ಸರಕು ತಾನಾಗಿ ಬಾಗಿಲಿಗೆ ಬಂದಾಗ ತಿರುಗಿಸಿ ಕಳಿಸುವ ವ್ಯಾಪಾರಿ ಯಾರು? ಮೇಲೆ ಪ್ರತಿಧ್ವನಿ ಸುರಿದ, ಮಾತು ಕರಗಿತು ಎಂದುಕೊಂಡ. ಹಾಲಿಗೆ ನೀರು ಬೆರೆಸಿದವನಿಗೆ ನೀರು ಕಾಣುವುದಿಲ್ಲ. ಹಾಡನ್ನು ಅಂತರ್ಜಾಲಕ್ಕೆ ಏರಿಸಿದ.

ಯಾವತ್ತೂ ಆಗದ್ದು ಆಗ ಆಯಿತು. ಜನ ಕೇಳಿದರು. ‘ಹಿಂದೆ ಅಳುವ ಆ ಹೆಂಗಸು ಯಾರು? ಮೈ ಜುಮ್ಮೆಂದಿತು’ ಎಂದು ಗುರುತಿಲ್ಲದವರು ಬರೆದರು. ಪೇಟೆಯಲ್ಲಿ ಅಕ್ಕಿಕಡುಬಿನವನು ಅದನ್ನೇ ದಿನವಿಡೀ ಹಾಕತೊಡಗಿದ. ತಾಕ್ ಚಿಕ್ಕಮ್ಮ ಅದೇ ಹಾಡು ಹಾಕಿದ ಫೋನನ್ನು ಕಿವಿಗೊತ್ತಿಕೊಂಡು ಇತ್ತ ಬಂದಳು.

“ಏನೋ ಗಿಟಾರು, ದೊಡ್ಡ ಮನುಷ್ಯ ಆಗ್ಬಿಟ್ಯಂತೆ! ಇನ್ನು ನಮ್ಮಂಥವ್ರ ಹತ್ರ ಸೀಗಡಿ ತಗೋತೀಯೋ ಇಲ್ವೋ?”

“ಅಯ್ಯೋ, ಬಿಡು ಚಿಕ್ಕಮ್ಮ. ಆಮೇಲೆ ಕೇಳು, ಇಲ್ಲಿ ಗಲಾಟೆ.”

“ಯಾಕೋ, ಬೇಡ ಅಂತೀಯಾ? ಹುಡುಗಿ ವಿಷಯ ಏನಾದ್ರೂ ಇದ್ಯಾ ಇದ್ರಲ್ಲಿ? ಇರು, ಇರು, ಈಗ ಯಾರೋ ಮುದುಕಿ ಬಂದ್ಲು. ಪಾಪ, ಏನು ಹಂಗೆ...”

ಮಾತು ಅಲ್ಲೇ ನಿಂತಿತು. ಅವಳು ಫೋನನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು. ಜೇಮಾನ್ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದ. ತಟ್ಟೆಯಲ್ಲಿ ಏನೂ ಇರಲಿಲ್ಲ. ಹಾಡು ಮುಗಿಯುವವರೆಗೂ ಅವಳು ಕೇಳಿದಳು. ಆಮೇಲೆ ಫೋನನ್ನು ಏಪ್ರನ್ನಿನ ಜೇಬಿಗಿಟ್ಟು ಹೇಳಿದಳು:

“ಚೆನ್ನಾಗಿ ಹಾಡಿದ್ದೀರಿ, ಯಜಮಾನ್ರೇ.”

ತಿರುಗಿ ಹೋಗಿ, ನಡು ಮಧ್ಯಾಹ್ನದಲ್ಲಿ ಅಂಗಡಿಯ ಷಟರ್ ಎಳೆದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆಗಲೇ ಅವನು ಹಾಡನ್ನು ಅಳಿಸಿದ. ಮರುದಿನ ಒಂದು ಪೆಟ್ಟಿಗೆ ಒಳ್ಳೆಯ ಮೀನು ಹೊತ್ತು, ತಲೆ ತಗ್ಗಿಸಿ ಎದುರಂಗಡಿಗೆ ಹೋದ.

“ಚಿಕ್ಕಮ್ಮ, ತಪ್ಪಾಯ್ತು.”

“ನಾನು ಆರ್ಡರ್ ಕೊಟ್ಟಿರ್ಲಿಲ್ವಲ್ಲ ಯಜಮಾನ್ರೇ. ತಗೊಂಡ್ಹೋಗಿ.”

ಅವಳ ತಲೆಯ ಮೇಲೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು, ಫಲಕ ಇರಲಿಲ್ಲ.

ಕೆಲವು ದಿನ ಬಿಟ್ಟು ಅಮ್ಮನಿಗೆ ಅವನು ಅಡುಗೆಮನೆಯಲ್ಲಿ ಹೇಳಿದ. ಅವಳು ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಂಗೊತ್ತು,” ಅಂದಳು.

“ಹಾಡು ಕೇಳಿದ್ಯಾ?”

“ಹಾಡಲ್ವೋ. ಅವ್ಳು ಏನು ಬೇಡ್ಕೋತಾಳೆ ಅಂತ. ಪಕ್ಕದಲ್ಲೇ ಕೂರೋಳು ನಾನು. ಕಿವಿಗೇನು ಬಾಗ್ಲಿದ್ಯಾ ಹಾಕ್ಕೊಳಕ್ಕೆ?”

“ಮತ್ತೆ ನೀನು...”

“ಅದಕ್ಕೇ ತಾನೇ ನಾನು ಅಷ್ಟು ಜೋರಾಗಿ ಕಿರ್ಚೋದು! ದೇವ್ರು ಕಿವುಡ ಅಂತಲಾ? ಅವ್ಳು ದನಿ ಎತ್ತಿದ್ರೆ ನಾನು ಅದು ಮುಚ್ಚೋ ಹಂಗೆ ಇನ್ನೂ ಮೇಲೆ ಎತ್ತೀನಿ. ನನ್ನ ಮಾತು ಮುಚ್ಚಕ್ಕೆ ಹಿಂದಿನ ಬೆಂಚಿನವ್ಳು ಎತ್ತಾಳೆ. ಎಲ್ರಿಗೂ ಕೇಳುತ್ತೆ, ಯಾರೂ ಕೇಳಿಸ್ಕೊಳ್ಳಲ್ಲ.” ಚಾಕು ನಿಂತಿತು. “ಅಲ್ಲಾ, ಫೋನು ನನ್ನ ಮಗ್ಗುಲಲ್ಲೇ ಇತ್ತಲ್ಲ. ನನ್ನ ದನಿ ಎಲ್ಲಿ ಹೋಯ್ತು?”

ಜೇಮಾನ್ ನೆಲ ನೋಡಿದ. “ಅಳಿಸ್ದೆ.”

ಅಮ್ಮ ಚಾಕು ಕೆಳಗಿಟ್ಟಳು.

“ಮುಚ್ಚಿಟ್ಟಿದ್ದನ್ನ ತೆಗೆದು ಊರಿಗೆ ತೋರಿಸ್ದೆ. ಈಗ ಅವ್ಳು ಬರ್ತಾಳೆ, ಕೂರ್ತಾಳೆ, ಬಾಯಿ ಬಿಡಲ್ಲ. ಮನೇಲಿ ಗಂಡನ ಮುಂದೆ ಹೇಳಕ್ಕಾಗುತ್ತಾ? ಪೇಟೇಲಿ ಹೇಳಕ್ಕಾಗುತ್ತಾ? ಅವ್ಳಿಗಿದ್ದಿದ್ದು ಅದೊಂದೇ ಜಾಗ ಕಣೋ.”

ಮಾರನೆಯ ಬೆಳಗ್ಗೆ ಜೇಮಾನ್ ಕರೆಯದೆಯೇ ಎದ್ದ. ಫೋನನ್ನು ಮನೆಯಲ್ಲೇ ಬಿಟ್ಟ. ತಾಕ್ ಚಿಕ್ಕಮ್ಮ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ಒಂದು ಮಗ್ಗುಲಿಗೆ ಅಮ್ಮ ಕೂತಳು, ಇನ್ನೊಂದು ಮಗ್ಗುಲು ಖಾಲಿ ಇತ್ತು. ಅಮ್ಮ ಅಲ್ಲಿಗೆ ಕಣ್ಣು ತೋರಿಸಿದಳು. ಅವನು ಕೂತಾಗ ಚಿಕ್ಕಮ್ಮ ಸರಿದು ಜಾಗವನ್ನೂ ಕೊಡಲಿಲ್ಲ, ಎದ್ದೂ ಹೋಗಲಿಲ್ಲ.

ಮೂರು ಸಲ ‘ಕರ್ತನೇ’ ಆಯಿತು, ದೀಪ ತಗ್ಗಿತು, ಗದ್ದಲ ಎದ್ದಿತು. ವೇದಿಕೆಯ ಮೇಲೆ ಅಷ್ಟು ವರ್ಷ ಅರಚಿದವನಿಗೆ ಇಲ್ಲಿ ಏನು ಕೂಗಬೇಕೆಂದೇ ತೋಚಲಿಲ್ಲ. ಬೇಡಿಕೊಳ್ಳಲು ಹೊರಟರೆ ತನಗೆ ಬೇಕಾದ ಒಂದೇ ಸಂಗತಿ ಮಗ್ಗುಲಲ್ಲೇ ಕೂತಿತ್ತು, ಅದನ್ನು ಕೂಗಿ ಹೇಳುವಂತಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಕೂಗಿದ. “ಕರ್ತನೇ, ಸಣ್ಣ ಮೀನು! ಕರ್ತನೇ, ಸಾರಿನ ಮೀನು! ಹುರಿಯೋ ಮೀನು! ತಲೆ ತೆಗ್ದಿದ್ದು! ತಲೆ ತೆಗೀದೇ ಇದ್ದಿದ್ದು!” ಮುಂದಿನ ಬೆಂಚಿನ ಮುದುಕರೊಬ್ಬರು ಅರ್ಧ ತಿರುಗಿ, ಏನೂ ಕೇಳದವರಂತೆ ಮತ್ತೆ ಮುಂದಕ್ಕೆ ನೋಡಿದರು. ಅವನ ಕಿವಿ ಕೆಂಪಗೆ ಉರಿಯುತ್ತಿತ್ತು. ಆದರೂ ಕೂಗಿದ, ದಾಸ್ತಾನು ಮುಗಿದರೆ ಮೊದಲಿನಿಂದ ಶುರುಮಾಡಿ.

ಪಕ್ಕಕ್ಕೆ ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಚಿಕ್ಕಮ್ಮನ ಬೆನ್ನ ಹಿಂದಿನಿಂದ ಅಮ್ಮನ ಕೈ ಚಾಚಿ ಬಂದು ಅವನ ಪಕ್ಕೆಗೆ ತಿವಿಯಿತು.

“ಇನ್ನೂ ಜೋರಾಗೋ!”

ಅವನು ಕಣ್ಣು ಮುಚ್ಚಿ ದನಿ ಎತ್ತಿದ.